ಕ್ರೋನೋಗ್ರಾಫ್ ವಿಚಿತ್ರ ಅಂಕಿ ತೋರಿಸಿದಾಗ: ತಪ್ಪು ಯಂತ್ರದ್ದೋ, ತೋಟಾದ್ದೋ?

ಕೈಯಾರೆ ತುಂಬಿದ ರೈಫಲ್ ತೋಟಾಗಳನ್ನು ಪರೀಕ್ಷೆ ಮಾಡುವಾಗ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಹೀಗೊಂದು ಸಾಲು ಕೊಟ್ಟಿತು ಅಂದುಕೊಳ್ಳಿ: 2694, 2701, 2688, 3127, 2697. ನಾಲ್ಕು ಅಂಕಿ ಒಂದರ ಪಕ್ಕ ಒಂದು ಕೂತಿವೆ. 3127 ಮಾತ್ರ ಎಲ್ಲಿಂದಲೋ ಬಂದಿದೆ. ಈಗ ಏನು ಮಾಡಬೇಕು?

ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಆ ಅಂಕಿಯನ್ನು ಸುಮ್ನೆ ಅಳಿಸಿ ಮುಂದೆ ಹೋಗುತ್ತಾರೆ. ಇಲ್ಲವೇ ಮನೆಗೆ ಬಂದು ಪೌಡರ್ ಪ್ರಮಾಣ ಬದಲಿಸುತ್ತಾರೆ. ಎರಡೂ ಸರಿಯಲ್ಲ. ಯಂತ್ರ ಸರಿಯಾಗಿ ಓದಿದೆ ಅಂತ ಖಾತ್ರಿಯಾಗುವವರೆಗೆ ಪೌಡರ್ ಮುಟ್ಟಬಾರದು. ಯಂತ್ರ ತಪ್ಪು ಓದಿದೆ ಅಂತ ಖಾತ್ರಿಯಾಗುವವರೆಗೆ ಅಂಕಿ ಅಳಿಸಬಾರದು. ಈ ಖಾತ್ರಿ ಮಾಡಿಕೊಳ್ಳುವ ದಾರಿಯನ್ನೇ ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ವೇಗವೆಲ್ಲ ಸೆಕೆಂಡಿಗೆ ಇಷ್ಟು ಅಡಿ ಅನ್ನುವ ಲೆಕ್ಕದಲ್ಲಿದೆ.

ಹಂತ 1: ಮುಂದಿನ ಗುಂಡು ಹಾರಿಸಬೇಡಿ, ಕೇಸ್ ನೋಡಿ

ಅಂಕಿ ವಿಚಿತ್ರವಾಗಿ ಕಂಡ ಕೂಡಲೇ ಬೋಲ್ಟ್ ತೆಗೆದು, ಹೊರಬಂದ ಖಾಲಿ ಕೇಸ್ (ಪೌಡರ್ ತುಂಬಿದ್ದ ತೋಟಾದ ಕೋಶ) ಕೈಯಲ್ಲಿ ಹಿಡಿದು ನೋಡಿ. ಬೋಲ್ಟ್ ಎತ್ತುವಾಗ ಬಿಗಿಯಾಗಿತ್ತಾ? ಕೇಸಿನ ತಳದಲ್ಲಿ, ಅದನ್ನು ಹೊರತಳ್ಳುವ ಎಜೆಕ್ಟರ್‌ನ ಹೊಳೆಯುವ ಗುರುತು ಬಿದ್ದಿದೆಯಾ? ಪೌಡರ್‌ಗೆ ಕಿಡಿ ಹೊತ್ತಿಸುವ ಪ್ರೈಮರ್‌ನ ಅಂಚು ಪೂರ್ತಿ ಚಪ್ಪಟೆಯಾಗಿದೆಯಾ, ಪಿನ್ ಹೊಡೆದ ಜಾಗದ ಸುತ್ತ ಏರು ಎದ್ದಿದೆಯಾ? ಇವು ಒತ್ತಡ ಜಾಸ್ತಿಯಾದ ಗುರುತುಗಳು. ಇವುಗಳ ಜೊತೆ ವೇಗವೂ ಜಾಸ್ತಿ ಬಂದಿದ್ದರೆ ಅದನ್ನು ಯಂತ್ರದ ತಪ್ಪು ಅಂತ ತಳ್ಳಿಹಾಕಬೇಡಿ. ಅವತ್ತಿನ ಪರೀಕ್ಷೆ ಅಲ್ಲಿಗೇ ಮುಗಿಸಿ. ಗುರುತು ಕಾಣಲಿಲ್ಲ ಅಂದ ಮಾತ್ರಕ್ಕೆ ಒತ್ತಡ ಸುರಕ್ಷಿತವಾಗಿದೆ ಅಂತಲೂ ಅಲ್ಲ. ಎಷ್ಟೋ ಸಲ ಒತ್ತಡ ಮಿತಿ ದಾಟಿದ ಮೇಲೆಯೇ ಗುರುತು ಬೀಳುತ್ತದೆ.

ವೇಗ ತೀರಾ ಕಡಿಮೆ ಬಂದು, ಸದ್ದೂ ಸಪ್ಪೆಯಾಗಿದ್ದರೆ, ಒದೆತವೂ ಕಡಿಮೆ ಅನಿಸಿದರೆ, ಬುಲೆಟ್ ಬ್ಯಾರೆಲ್ ಒಳಗೇ ಸಿಕ್ಕಿಕೊಂಡಿರಬಹುದು. ರೈಫಲ್ ಖಾಲಿ ಮಾಡಿ, ಬೋಲ್ಟ್ ಹೊರತೆಗೆದು, ಬ್ಯಾರೆಲ್‌ನ ಆಚೆ ಬದಿಯ ಬೆಳಕು ಕಾಣುತ್ತದಾ ಅಂತ ಹಿಂದಿನಿಂದ ನೋಡಿ. ಇದನ್ನು ನೋಡದೆ ಇನ್ನೊಂದು ತೋಟಾ ಹಾಕುವ ಮಾತೇ ಇಲ್ಲ. ಟ್ರಿಗರ್ ಎಳೆದ ಮೇಲೆ ಸಿಡಿಯದೇ ಇದ್ದರೆ ಬ್ಯಾರೆಲ್ ಬಾಯಿ ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯಿರಿ. ಒಂದು ನಿಮಿಷ ಕಾದರೆ ಇನ್ನೂ ಒಳ್ಳೆಯದು. ಆಮೇಲೆ ಬೋಲ್ಟ್ ತೆಗೆಯಿರಿ.

ಹಂತ 2: ಅಂಕಿಯನ್ನೇ ಪ್ರಶ್ನೆ ಮಾಡಿ

ಯಂತ್ರದ ಹತ್ತಿರ ಹೋಗುವ ಮುಂಚೆ ಕೂತಲ್ಲೇ ಒಂದು ಸಣ್ಣ ಲೆಕ್ಕ ಮಾಡಬಹುದು. ನನಗೆ ಈ ಹಂತ ಬಹಳ ಇಷ್ಟ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಬೆಳಕಿನ ಸೆನ್ಸರ್ ಇರುವ ಕ್ರೋನೋಗ್ರಾಫ್ ವೇಗವನ್ನು ನೇರವಾಗಿ ಅಳೆಯುವುದಿಲ್ಲ. ಮೊದಲ ಸೆನ್ಸರ್ ಮೇಲೆ ಬುಲೆಟ್ ಹಾದಾಗ ಗಡಿಯಾರ ಶುರುವಾಗುತ್ತದೆ, ಎರಡನೆಯದರ ಮೇಲೆ ಹಾದಾಗ ನಿಲ್ಲುತ್ತದೆ. ನಡುವಿನ ದೂರವನ್ನು ಆ ಸಮಯದಿಂದ ಭಾಗಿಸಿದರೆ ವೇಗ. ಸೆನ್ಸರ್‌ಗಳ ನಡುವೆ 2 ಅಡಿ ಇದ್ದರೆ, 2695ರ ವೇಗದ ಬುಲೆಟ್ ಅದನ್ನು ದಾಟಲು ಸುಮಾರು 742 ಮೈಕ್ರೋಸೆಕೆಂಡ್ ಬೇಕು. 3127 ಅಂತ ಬಂದಿದ್ದು ಯಾಕೆ ಅಂದರೆ, ಗಡಿಯಾರ 640 ಮೈಕ್ರೋಸೆಕೆಂಡ್‌ಗೇ ನಿಂತಿತು. ವ್ಯತ್ಯಾಸ ಬರೀ 100 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಬುಲೆಟ್ ಹೋಗುವುದು 3 ಇಂಚಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಎರಡನೇ ಸೆನ್ಸರ್ ಬುಲೆಟ್‌ಗಿಂತ 3 ಇಂಚು ಮುಂದೆ ಏನನ್ನೋ ಕಂಡಿರಬೇಕು. ಇಲ್ಲವೇ ಮೊದಲನೆಯದು ಬುಲೆಟ್ಟನ್ನು 3 ಇಂಚು ತಡವಾಗಿ ಕಂಡಿರಬೇಕು.

ಇದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ. ಮೊದಲ ಸೆನ್ಸರ್ ಬೇಗ ಎದ್ದರೆ ಅಂಕಿ ಕಡಿಮೆ ಬರುತ್ತದೆ. ತಡವಾಗಿ ಎದ್ದರೆ ಜಾಸ್ತಿ ಬರುತ್ತದೆ. ಎರಡನೇ ಸೆನ್ಸರ್‌ಗೆ ಇದು ಉಲ್ಟಾ.

ಈಗ ತೋಟಾದ ಕಡೆಯಿಂದ ಲೆಕ್ಕ ಹಾಕಿ. .308 ಗಾತ್ರದ ಕೇಸಿನಲ್ಲಿ 1 ಗ್ರೇನ್ (ಸುಮಾರು 0.065 ಗ್ರಾಂ) ಪೌಡರ್ ವ್ಯತ್ಯಾಸಕ್ಕೆ ವೇಗ ಸುಮಾರು 50ರಿಂದ 60 ಅಡಿ ಬದಲಾಗುತ್ತದೆ. 430 ಅಡಿ ಏರಬೇಕಾದರೆ 7-8 ಗ್ರೇನ್ ಜಾಸ್ತಿ ಬಿದ್ದಿರಬೇಕು. ಹೆಚ್ಚುಕಡಿಮೆ ತುಂಬಿದ ಕೇಸಿನಲ್ಲಿ ಅಷ್ಟಕ್ಕೆ ಜಾಗವೇ ಇರುವುದಿಲ್ಲ. ಬೇರೆ ಪೌಡರ್ ಬೆರೆತು ಅಷ್ಟು ವೇಗ ಬಂದಿದ್ದರೆ ಬೋಲ್ಟ್ ಸಲೀಸಾಗಿ ಏಳುತ್ತಿರಲಿಲ್ಲ. ಹಾಗಾಗಿ ಕೇಸ್ ಮಾಮೂಲಿಯಾಗಿದ್ದು, ಒದೆತವೂ ಮಾಮೂಲಿಯಾಗಿದ್ದರೆ 3127 ಯಂತ್ರದ ತಪ್ಪು ಅನ್ನಲು ಗಟ್ಟಿ ಕಾರಣ ಇದೆ. ಅದೇ 2695ರ ಸಾಲಿನಲ್ಲಿ 2655 ಬಂದರೆ ಈ ಲೆಕ್ಕ ನಡೆಯುವುದಿಲ್ಲ. ಮುಕ್ಕಾಲು ಗ್ರೇನ್ ಕಡಿಮೆ ಬಿದ್ದಿರುವುದು ಸಾಧ್ಯವಿರುವ ಮಾತೇ ಅಲ್ವಾ? ದೊಡ್ಡ ಜಿಗಿತಕ್ಕಿಂತ ಇಂಥ ಸಣ್ಣ ವ್ಯತ್ಯಾಸದ ಕಾರಣ ಹುಡುಕುವುದೇ ಕಷ್ಟ.

ಇನ್ನೆರಡು ಅಂಕಿಗಳು ಕಂಡ ತಕ್ಷಣ ಗುರುತಿಸುವಂಥವು. 820ರ ಆಸುಪಾಸು ಬಂದರೆ ಯಂತ್ರ ಮೀಟರ್ ಲೆಕ್ಕದಲ್ಲಿ ಇದೆಯೇನೋ ನೋಡಿ. 823 ಮೀಟರ್ ಅಂದರೆ 2700 ಅಡಿ. ರೈಫಲ್‌ಗೆ 1100ರ ಹತ್ತಿರ ಬಂದರೆ ಬುಲೆಟ್ ಬದಲು ಸದ್ದಿನ ಅಲೆಯನ್ನು ಅಳೆದಿರುವ ಸಾಧ್ಯತೆ ಜಾಸ್ತಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸದ್ದಿನ ವೇಗ ಸುಮಾರು 1125 ಅಡಿ.

ಹಂತ 3: ಬೆಳಕಿನ ಕ್ರೋನೋಗ್ರಾಫ್ ಆದರೆ ಇಲ್ಲಿ ಹುಡುಕಿ

ಯಂತ್ರದ ಹತ್ತಿರ ಹೋಗುವ ಮುಂಚೆ ರೇಂಜಿನಲ್ಲಿ ಎಲ್ಲರ ರೈಫಲ್ ಖಾಲಿಯಾಗಿ, ಬೋಲ್ಟ್ ತೆರೆದಿರಬೇಕು. ಇದರಲ್ಲಿ ರಾಜಿ ಇಲ್ಲ.

ಮೊದಲು ದೂರ. ಬ್ಯಾರೆಲ್ ಬಾಯಿಯಿಂದ ಮೊದಲ ಸೆನ್ಸರ್‌ಗೆ 10ರಿಂದ 15 ಅಡಿ ಇರಲಿ. ಬುಲೆಟ್ ಹೊರಬಿದ್ದ ಆ ಕ್ಷಣದಲ್ಲಿ ಅದರ ಹಿಂದಿದ್ದ ಗ್ಯಾಸ್ ಬುಲೆಟ್ಟನ್ನೇ ದಾಟಿ ಮುಂದೆ ನುಗ್ಗುತ್ತದೆ. ಜೊತೆಗೆ ಸುಡದೆ ಉಳಿದ ಪೌಡರ್ ಕಾಳುಗಳೂ ಇರುತ್ತವೆ. ಹತ್ತಿರ ಇಟ್ಟ ಸೆನ್ಸರ್ ಅದನ್ನೇ ಬುಲೆಟ್ ಅಂದುಕೊಳ್ಳುತ್ತದೆ. ಮಝಲ್ ಬ್ರೇಕ್ (ಒದೆತ ಕಡಿಮೆ ಮಾಡಲು ಬ್ಯಾರೆಲ್ ತುದಿಗೆ ಹಾಕುವ ಸಾಧನ) ಇದ್ದರೆ, ಜಾಸ್ತಿ ಪೌಡರ್ ಹಿಡಿಯುವ ದೊಡ್ಡ ಮ್ಯಾಗ್ನಮ್ ತೋಟಾ ಆದರೆ, ಯಂತ್ರವನ್ನು ಇನ್ನೂ ಸ್ವಲ್ಪ ದೂರ ಇಡಿ. ಪರೀಕ್ಷೆ ಸುಲಭ: ಯಂತ್ರವನ್ನು 5 ಅಡಿ ಮುಂದಕ್ಕೆ ಸರಿಸಿ ಇನ್ನೊಂದು ಸಾಲು ಹೊಡೆಯಿರಿ. ವಿಚಿತ್ರ ಅಂಕಿಗಳು ಮಾಯವಾದರೆ ಕಾರಣ ಸಿಕ್ಕಿತು. ದೂರ ಇಟ್ಟಿದ್ದಕ್ಕೆ ವೇಗ ಕೆಲವೇ ಅಡಿ ಕಡಿಮೆ ಬರುತ್ತದೆ. ಅದು ತಪ್ಪಲ್ಲ, ಗಾಳಿ ತಡೆದಿದ್ದು.

ಆಮೇಲೆ ಬೆಳಕು. ತೆಳುಮೋಡ ಸಮವಾಗಿ ಹರಡಿದ ದಿನ ಈ ಯಂತ್ರಗಳು ತುಂಬಾ ಚೆನ್ನಾಗಿ ಓದುತ್ತವೆ. ತೊಂದರೆ ಕೊಡುವುದು ಬೆಳಗ್ಗೆ, ಸಂಜೆಯ ಓರೆ ಬಿಸಿಲು. ಸೂರ್ಯ ನೇರವಾಗಿ ಸೆನ್ಸರ್ ಕಣ್ಣಿಗೆ ಬಿದ್ದರೆ ಬುಲೆಟ್‌ನ ನೆರಳು ಗೊತ್ತಾಗುವುದಿಲ್ಲ. ಬುಲೆಟ್‌ನ ಹೊಳೆಯುವ ತಾಮ್ರದ ಹೊಟ್ಟೆಗೆ ಬಿಸಿಲು ಬಡಿದು ಕೆಳಗೆ ಪ್ರತಿಫಲಿಸಿದರೂ ಸೆನ್ಸರ್‌ಗೆ ಗೊಂದಲ. ಒಂದು ಸೆನ್ಸರ್ ಬುಲೆಟ್‌ನ ಮೂತಿ ಕಂಡು, ಇನ್ನೊಂದು ನಡು ಕಂಡರೆ ಸಾಕು, ಹತ್ತಾರು ಅಡಿ ತಪ್ಪುತ್ತದೆ. ಬುಲೆಟ್ ಉದ್ದ ಸುಮಾರು ಒಂದೂಕಾಲು ಇಂಚು ಇರುತ್ತದೆ, 2 ಅಡಿಯಲ್ಲಿ ಅರ್ಧ ಇಂಚಿನ ತಪ್ಪು ಅಂದರೆ 2 ಪರ್ಸೆಂಟ್, ಅಂದರೆ 50 ಅಡಿಗೂ ಜಾಸ್ತಿ. ನೀಲಿ ಆಕಾಶ ಇದ್ದರೆ ಬೆಳಕನ್ನು ಸಮವಾಗಿ ಹರಡುವ ಬಿಳಿ ಡಿಫ್ಯೂಸರ್ ಹಾಕಿ. ಓರೆ ಬಿಸಿಲಿಗೆ ಪಕ್ಕದಲ್ಲಿ ರಟ್ಟು ನಿಲ್ಲಿಸಿ, ಎರಡೂ ಸೆನ್ಸರ್‌ಗೆ ಒಂದೇ ಥರ ನೆರಳು ಬೀಳುವಂತೆ ನೋಡಿಕೊಳ್ಳಿ. ಕೆಲವು ಬುಲೆಟ್‌ಗಳಿಗೆ ಕಪ್ಪು ಮಾರ್ಕರ್ ಬಳಿದು ಹೊಡೆದು ನೋಡಿ. ಬಳಿದವು ಸರಿಯಾಗಿ ಓದಿ, ಬಳಿಯದವು ಓಲಾಡಿದರೆ ಹೊಳಪೇ ಕಾರಣ.

ಸೂರಿನ ಕೆಳಗೆ ವಿದ್ಯುತ್ ದೀಪದ ಬೆಳಕಿನಲ್ಲಿ ಹೊಡೆಯುವವರಿಗೆ ಇನ್ನೊಂದು ಕಾಟ. ಟ್ಯೂಬ್‌ಲೈಟ್, ಕೆಲವು ಎಲ್‌ಇಡಿ ದೀಪ ಸೆಕೆಂಡಿಗೆ 100 ಅಥವಾ 120 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣದಿದ್ದರೂ ಸೆನ್ಸರ್‌ಗೆ ಕಾಣುತ್ತದೆ. ಅಂಥ ಕಡೆ ಯಂತ್ರಕ್ಕೆ ಹೊಂದುವ ಇನ್‌ಫ್ರಾರೆಡ್ ದೀಪದ ಕಿಟ್ ಬೇಕು.

ನಂತರ ಜೋಡಣೆ. ಮಡಚುವ ಪೆಟ್ಟಿಗೆ ಪೂರ್ತಿ ಬಿಚ್ಚಿಕೊಂಡಿದೆಯಾ? ಕೀಲು ಸ್ವಲ್ಪ ಮಡಚಿದ್ದರೆ ಸೆನ್ಸರ್‌ಗಳು ಹತ್ತಿರ ಬರುತ್ತವೆ, ಎಲ್ಲ ಅಂಕಿಗಳೂ ಜಾಸ್ತಿ ಬರುತ್ತವೆ. 2 ಅಡಿ ಅಂತರದಲ್ಲಿ ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿಲಿಮೀಟರ್ ತಪ್ಪಿದರೆ 2700ಕ್ಕೆ 14 ಅಡಿ ವ್ಯತ್ಯಾಸ. 1 ಅಡಿ ಅಂತರದ ಯಂತ್ರಕ್ಕೆ 28 ಅಡಿ. ಯಂತ್ರ ಬುಲೆಟ್ ದಾರಿಗೆ ಓರೆಯಾಗಿದ್ದರೆ ಅಂಕಿ ಕಡಿಮೆ ಬರುತ್ತದೆ. 5 ಡಿಗ್ರಿ ಓರೆಗೆ 10 ಅಡಿ, 10 ಡಿಗ್ರಿಗೆ 40 ಅಡಿ. ಈ ಎರಡು ತಪ್ಪುಗಳ ಲಕ್ಷಣ ಏನಂದರೆ, ಅಂಕಿಗಳು ಚೆಲ್ಲಾಡುವುದಿಲ್ಲ. ಎಲ್ಲ ಒಟ್ಟಾಗಿ ಒಂದೇ ಕಡೆಗೆ ಜರುಗುತ್ತವೆ. ಅದಕ್ಕೇ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಜೋಡಿಸುವಾಗ ಬೋಲ್ಟ್ ತೆಗೆದು ಬ್ಯಾರೆಲ್ ಒಳಗಿಂದ ನೋಡಿ ಸಾಲು ಹೊಂದಿಸಿ. ಸ್ಕೋಪ್ ಬ್ಯಾರೆಲ್‌ಗಿಂತ ಒಂದೂವರೆ-ಎರಡು ಇಂಚು ಮೇಲಿರುತ್ತದೆ. ಸ್ಕೋಪ್‌ನಲ್ಲಿ ದಾರಿ ಖಾಲಿ ಕಂಡರೂ ಬುಲೆಟ್ ಕೆಳಗೆ ಯಂತ್ರಕ್ಕೇ ಬಡಿಯಬಹುದು.

ಬ್ಯಾಟರಿ ಮರೆಯಬೇಡಿ. ಹಳೇ ಬ್ಯಾಟರಿ ಪರದೆ ಬೆಳಗಿಸುತ್ತದೆ, ಆದರೆ ಸೆನ್ಸರ್‌ಗೆ ಸಾಲದೆ ಹೋಗಬಹುದು. ಹೊಸದು ಹಾಕಿ ನೋಡಲು ಎರಡು ನಿಮಿಷ ಸಾಕು.

ಹಂತ 4: ಬ್ಯಾರೆಲ್‌ಗೆ ಕಟ್ಟುವ ಯಂತ್ರ, ರಾಡಾರ್ ಯಂತ್ರ

ಮ್ಯಾಗ್ನೆಟೋಸ್ಪೀಡ್ ಥರದ, ಬ್ಯಾರೆಲ್ ತುದಿಗೆ ಕಟ್ಟುವ ಯಂತ್ರಕ್ಕೆ ಬೆಳಕಿನ ಹಂಗಿಲ್ಲ. ಅದರ ಪಟ್ಟಿ ಸಡಿಲವಾಗುವುದೇ ದೊಡ್ಡ ತೊಂದರೆ. ಪ್ರತಿ ಸಾಲು ಮುಗಿದ ಮೇಲೆ ಸೆನ್ಸರ್ ಪಟ್ಟಿ ಬ್ಯಾರೆಲ್‌ಗೆ ಸಮಾನಾಂತರವಾಗಿ ಇದೆಯಾ, ಬುಲೆಟ್ ದಾರಿಯಿಂದ ಕೈಪಿಡಿ ಹೇಳಿದಷ್ಟೇ ಅಂತರದಲ್ಲಿ ಇದೆಯಾ ನೋಡಿ. ಬ್ಯಾರೆಲ್ ತುದಿಗೆ ತೂಕ ಬಿದ್ದಾಗ ಗುಂಡು ಬೀಳುವ ಜಾಗ ಬದಲಾಗುತ್ತದೆ. ಹಾಗಾಗಿ ವೇಗದ ಪರೀಕ್ಷೆ, ಗುರಿಯ ಪರೀಕ್ಷೆ ಎರಡನ್ನೂ ಒಂದೇ ಸಾಲಿನಲ್ಲಿ ಮಾಡಬೇಡಿ.

ಲ್ಯಾಬ್‌ರಾಡಾರ್, ಗಾರ್ಮಿನ್ ಮಾದರಿಯ ಡಾಪ್ಲರ್ ರಾಡಾರ್‌ಗಳು ಬುಲೆಟ್ಟನ್ನು ಹಿಂದಿನಿಂದ ಹಿಂಬಾಲಿಸಿ ಅಳೆಯುತ್ತವೆ. ಇವು ತಪ್ಪು ಅಂಕಿ ಕೊಡುವುದಕ್ಕಿಂತ ಅಂಕಿಯನ್ನೇ ಕೊಡದೆ ಬಿಡುವುದು ಜಾಸ್ತಿ. ತಪ್ಪು ಬಂದರೆ ಸೆಟ್ಟಿಂಗ್ ನೋಡಿ. ರೈಫಲ್ ವೇಗದ ಶ್ರೇಣಿ ಆರಿಸಿದ್ದೀರಾ? ಬ್ಯಾರೆಲ್‌ನಿಂದ ಯಂತ್ರ ಎಷ್ಟು ಪಕ್ಕಕ್ಕಿದೆ ಅನ್ನುವ ಅಂಕಿ ಕೇಳುವ ಮಾದರಿಯಾದರೆ ಅದು ನಿಜವಾದ ದೂರಕ್ಕೆ ಹೊಂದುತ್ತದಾ? ಯಂತ್ರದ ಮುಖ ನಿಮ್ಮ ಗುರಿಯತ್ತಲೇ ಇದೆಯಾ? ಸದ್ದಿಗೆ ಎದ್ದೇಳುವ ಮಾದರಿಗಳು ಪಕ್ಕದ ಬೆಂಚಿನವರ ಗುಂಡಿಗೂ ಎಚ್ಚರವಾಗುತ್ತವೆ. ಅವರ ವೇಗ ನಿಮ್ಮ ಸಾಲಿಗೆ ಸೇರಿದ್ದರೆ ನಿಮ್ಮ ಸರಾಸರಿ ಕೆಟ್ಟಂತೆ. ಪ್ರತಿ ಗುಂಡಿನ ಮೇಲೂ ಪರದೆಯ ಎಣಿಕೆ ಒಂದೊಂದೇ ಏರುತ್ತಿದೆಯಾ ಅಂತ ನೋಡುತ್ತಿದ್ದರೆ ಇದು ತಕ್ಷಣ ಗೊತ್ತಾಗುತ್ತದೆ. ಮಝಲ್ ಬ್ರೇಕ್‌ನ ಗಾಳಿ ಬಡಿಯುವ ಜಾಗದಲ್ಲಿ ಯಂತ್ರ ಇಡಬೇಡಿ.

ಹಂತ 5: ಗೊತ್ತಿರುವ ತೋಟಾ ಹಾರಿಸಿ ನೋಡಿ

ಇಷ್ಟಾದ ಮೇಲೂ ಅನುಮಾನ ಇದ್ದರೆ ಯಂತ್ರಕ್ಕೆ ಪರೀಕ್ಷೆ ಕೊಡಿ. ಇದಕ್ಕಾಗಿಯೇ ಒಂದೇ ಲಾಟ್‌ನ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ) .22 ರಿಮ್‌ಫೈರ್ ಮ್ಯಾಚ್ ತೋಟಾ ಒಂದು ಡಬ್ಬಿ ಬೇರೆ ಎತ್ತಿಡಿ. ಒಂದೇ .22 ರೈಫಲ್‌ನಿಂದ ಹತ್ತು ಗುಂಡು ಹೊಡೆದು ಸರಾಸರಿ ಬರೆದಿಡಿ. ಹವಾಮಾನವನ್ನೂ ಬರೆದಿಡಿ. ಮುಂದೆ ಯಾವತ್ತು ಅನುಮಾನ ಬಂದರೂ ಅದೇ ರೈಫಲ್, ಅದೇ ಡಬ್ಬಿ. ಆವತ್ತಿನ ಸರಾಸರಿಯೂ ಹರವೂ ಹಳೆಯದಕ್ಕೆ ಹೊಂದಿದರೆ ಯಂತ್ರ ಸರಿಯಿದೆ. .22ಕ್ಕೆ ಬಾಯಿಯ ಗ್ಯಾಸ್ ಕಡಿಮೆ ಅನ್ನುವುದು ನೆನಪಿರಲಿ. .22 ಸರಿ ಓದಿ, ದೊಡ್ಡ ರೈಫಲ್ ಮಾತ್ರ ತಪ್ಪಿದರೆ ಮತ್ತೆ ಹಂತ 3ರ ದೂರದ ವಿಚಾರಕ್ಕೆ ಹೋಗಿ.

ಸ್ನೇಹಿತರ ಬಳಿ ಬೇರೆ ಜಾತಿಯ ಕ್ರೋನೋಗ್ರಾಫ್ ಇದ್ದರೆ ಇನ್ನೂ ಚೆನ್ನ. ಒಂದೇ ಗುಂಡನ್ನು ಎರಡೂ ಯಂತ್ರ ಅಳೆಯಲಿ. ಎರಡರ ನಡುವೆ ಪ್ರತಿ ಸಲ 8-10 ಅಡಿ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ವ್ಯತ್ಯಾಸ ಒಂದೊಂದು ಗುಂಡಿಗೆ ಒಂದೊಂದು ಥರ ಇದ್ದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ.

ಗುರಿಯ ಹಾಳೆಯೂ ಸಾಕ್ಷಿಯೇ. ಆದರೆ ಹತ್ತಿರದ ಹಾಳೆಯನ್ನು ನಂಬಬೇಡಿ. 2700ರ ಬುಲೆಟ್ ಬದಲು 2600ರದ್ದು ಹೋದರೆ 100 ಗಜದಲ್ಲಿ ಅದು ಕೆಳಗೆ ಬೀಳುವುದು ಬರೀ 5 ಮಿಲಿಮೀಟರ್. 600 ಗಜದಲ್ಲಿ ಸುಮಾರು ಒಂದು ಗೇಣು. ದೂರದ ಗುರಿಯಲ್ಲಿ ಮೇಲೆ-ಕೆಳಗೆ ಹರಡದೆ ಗುಂಡುಗಳು ಒಟ್ಟಾಗಿ ಬಿದ್ದಿದ್ದರೆ, 100 ಅಡಿ ಹರವು ತೋರಿಸಿದ ಯಂತ್ರವನ್ನು ಅನುಮಾನಿಸಬೇಕು.

ಹಂತ 6: ಯಂತ್ರ ಸರಿಯಿದ್ದರೆ ತೋಟಾದ ಸರದಿ

ಇಲ್ಲಿ ಒಂದು ಅಭ್ಯಾಸ ತುಂಬಾ ಉಪಯೋಗಕ್ಕೆ ಬರುತ್ತದೆ. ತುಂಬಿದ ಕ್ರಮದಲ್ಲೇ ತೋಟಾಗಳಿಗೆ ನಂಬರ್ ಬರೆದು, ಅದೇ ಕ್ರಮದಲ್ಲಿ ಹಾರಿಸಿ. ಉದ್ದ ಕಾಳಿನ ಪೌಡರ್, ಅದನ್ನು ಹಾಕುವ ಸಾಧನದ ಕೊಳವೆಯಲ್ಲಿ ಸಿಕ್ಕಿಕೊಂಡರೆ ಒಂದು ಕೇಸಿಗೆ ಕಡಿಮೆ ಬೀಳುತ್ತದೆ, ಉಳಿದದ್ದು ಮುಂದಿನದಕ್ಕೆ ಬೀಳುತ್ತದೆ. ನಂಬರ್ ಇದ್ದರೆ 14 ನಿಧಾನ, 15 ಜೋರು ಅನ್ನುವ ಜೋಡಿ ಎದ್ದು ಕಾಣುತ್ತದೆ. ನಂಬರ್ ಇಲ್ಲದಿದ್ದರೆ ಬರೀ ಎರಡು ಕೆಟ್ಟ ಅಂಕಿಗಳು.

ಗುಂಡಿನಿಂದ ಗುಂಡಿಗೆ ವೇಗ ನಿಧಾನವಾಗಿ ಒಂದೇ ಕಡೆಗೆ ಸರಿಯುತ್ತಿದ್ದರೆ ತಕ್ಕಡಿಯನ್ನು ನೋಡಿ. ಎಲೆಕ್ಟ್ರಾನಿಕ್ ತಕ್ಕಡಿ ಬೆಚ್ಚಗಾಗುವ ಮುಂಚೆ ತೂಗಿದರೆ ಸೊನ್ನೆಯೇ ಜಾರುತ್ತದೆ. ಫ್ಯಾನ್ ಗಾಳಿ, ಪಕ್ಕದ ಮೊಬೈಲ್ ಕೂಡ ಅಂಕಿ ಕೆಡಿಸುತ್ತವೆ. ಅರ್ಧ ಗಂಟೆ ಮುಂಚೆ ಆನ್ ಮಾಡಿ, ಪರೀಕ್ಷಾ ತೂಕದ ಬೊಟ್ಟು ಇಟ್ಟು ಆಗಾಗ ನೋಡುತ್ತಿರಿ. ಸರಿಯುವಿಕೆಗೆ ಇನ್ನೊಂದು ಕಾರಣ ಶಾಖ. ಬಿಸಿ ಬ್ಯಾರೆಲ್ ಒಳಗೆ ತೋಟಾ ಹಾಕಿಟ್ಟು, ಕ್ರೋನೋಗ್ರಾಫ್ ಸೆಟ್ಟಿಂಗ್ ಜೊತೆ ಗುದ್ದಾಡುತ್ತಾ ಕೂತರೆ ಪೌಡರ್ ಬೇಯುತ್ತದೆ. ಆ ಗುಂಡು ಜೋರಾಗಿ ಹೋಗುತ್ತದೆ, ಒತ್ತಡವೂ ಏರುತ್ತದೆ. ಕೆಲವು ಬಾಲ್ (ಗುಂಡನೆ ಕಾಳಿನ) ಪೌಡರ್‌ಗಳಲ್ಲಿ ಒಂದು ಡಿಗ್ರಿ ಫ್ಯಾರನ್‌ಹೀಟ್‌ಗೆ 1ರಿಂದ 2 ಅಡಿ ಏರುಪೇರಾಗುತ್ತದೆ. ತೋಟಾ ಡಬ್ಬಿ ನೆರಳಲ್ಲಿರಲಿ. ಹಾರಿಸುವ ಹೊತ್ತಿಗೆ ಮಾತ್ರ ಚೇಂಬರ್‌ಗೆ ಹಾಕಿ.

ಕೇಸ್‌ಗಳ ತಳದ ಮುದ್ರೆ ನೋಡಿ. ಬೇರೆ ಬೇರೆ ಕಂಪನಿಯವು ಬೆರೆತಿದ್ದರೆ ಒಳಗಿನ ಜಾಗ ಬೇರೆ ಬೇರೆ. ದಪ್ಪ ಗೋಡೆಯ ಮಿಲಿಟರಿ ಕೇಸಿನಲ್ಲಿ ಅಷ್ಟೇ ಪೌಡರ್‌ಗೆ ಒತ್ತಡ ಜಾಸ್ತಿ. ಕೇಸ್ ಅರ್ಧಂಬರ್ಧ ತುಂಬಿದ ಲೋಡ್ ಆದರೆ ಪೌಡರ್ ಮುಂದೆ ಸರಿದಿದೆಯಾ, ಪ್ರೈಮರ್ ಹತ್ತಿರ ಇದೆಯಾ ಅನ್ನುವುದರ ಮೇಲೂ ವೇಗ ಬದಲಾಗುತ್ತದೆ. ತೊಳೆದ ತಣ್ಣನೆ ಬ್ಯಾರೆಲ್‌ನ ಮೊದಲ ಒಂದೆರಡು ಗುಂಡುಗಳನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಹೊಸ ಬ್ಯಾರೆಲ್ ಮೊದಲ 100-200 ಗುಂಡುಗಳಲ್ಲಿ ತಾನೇ ವೇಗ ಏರಿಸಿಕೊಳ್ಳುವುದು ಮಾಮೂಲು.

ಹಂತ 7: ವಿಚಿತ್ರ ಅಲ್ಲದ್ದನ್ನು ವಿಚಿತ್ರ ಅಂದುಕೊಳ್ಳಬೇಡಿ

"ಪೌಡರ್ ಜಾಸ್ತಿ ಹಾಕಿದೆ, ವೇಗ ಕಡಿಮೆ ಬಂತು" ಅಂತ ಕಂಗಾಲಾಗುವವರು ಬಹಳ. ಲೆಕ್ಕ ನೋಡಿ. 0.2 ಗ್ರೇನ್ ಏರಿಸಿದರೆ ಸುಮಾರು 11 ಅಡಿ ಏರಬೇಕು. ನಿಮ್ಮ ಲೋಡ್‌ನ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ವೇಗಗಳು ಸರಾಸರಿಯ ಆಚೀಚೆ ಎಷ್ಟು ಚದುರಿವೆ ಅನ್ನುವ ಅಳತೆ) 12 ಅಡಿ ಇದ್ದು, ಪ್ರತಿ ಪ್ರಮಾಣಕ್ಕೆ ಒಂದೇ ಗುಂಡು ಹೊಡೆದರೆ, ನಾಲ್ಕರಲ್ಲಿ ಒಂದು ಸಲ ಜಾಸ್ತಿ ಪೌಡರ್‌ನ ಗುಂಡೇ ನಿಧಾನವಾಗಿ ಹೋಗುತ್ತದೆ. ಯಾವುದೂ ಕೆಟ್ಟಿಲ್ಲ, ಅದು ಬರೀ ಏರುಪೇರು. ಒಂದೊಂದೇ ಗುಂಡು ಹೊಡೆದು ಗ್ರಾಫ್‌ನಲ್ಲಿ ಪೌಡರ್ ಏರಿಸಿದರೂ ವೇಗ ಏರದ "ಸಮತಟ್ಟು ಜಾಗ" ಹುಡುಕುವುದನ್ನು ನಾನು ಒಪ್ಪದೇ ಇರುವುದು ಇದಕ್ಕೇ.

ಎಸ್‌ಡಿಯ ಕಥೆಯೂ ಹೀಗೇ. ಐದು ಗುಂಡಿನಲ್ಲಿ ಎಸ್‌ಡಿ 10 ಬಂದರೆ ನಿಜವಾದದ್ದು 6ರಿಂದ 29ರ ನಡುವೆ ಎಲ್ಲಾದರೂ ಇರಬಹುದು. 20 ಗುಂಡು ಹೊಡೆದರೆ ಆ ಹರವು ಸುಮಾರು 8ರಿಂದ 15ಕ್ಕೆ ಇಳಿಯುತ್ತದೆ. ಹೋದ ವಾರ 6 ಇದ್ದ ಎಸ್‌ಡಿ ಈ ವಾರ 13 ಆಗಿದ್ದರೆ, ಎರಡೂ ಐದೈದು ಗುಂಡಿನವಾದರೆ, ಏನೂ ಬದಲಾಗಿಲ್ಲದೆಯೂ ಹಾಗೆ ಬರಬಹುದು.

ತೋಟಾ ತುಂಬುವ ಕೈಪಿಡಿಯಲ್ಲಿರುವ ವೇಗ ನಿಮಗೆ ಬರದಿದ್ದರೆ ಅದೂ ತಪ್ಪಲ್ಲ. ಕೈಪಿಡಿಯವರ ಬ್ಯಾರೆಲ್ ಉದ್ದ ಬೇರೆ ಇರಬಹುದು. ಒಂದು ಇಂಚಿಗೆ 20ರಿಂದ 30 ಅಡಿ ಬದಲಾಗುವುದು ಸಾಮಾನ್ಯ. ಆ ಅಂಕಿ ಮುಟ್ಟಲು ಗರಿಷ್ಠ ಪ್ರಮಾಣ ದಾಟಬೇಡಿ. ಅದಕ್ಕೆ ವಿರುದ್ಧವಾದದ್ದು ನಿಜಕ್ಕೂ ಎಚ್ಚರಿಕೆಯ ವಿಷಯ. ಅದೇ ಉದ್ದದ ಬ್ಯಾರೆಲ್‌ನಲ್ಲಿ, ಕಡಿಮೆ ಪೌಡರ್‌ಗೇ ಕೈಪಿಡಿಯ ಗರಿಷ್ಠ ವೇಗ ಬಂದರೆ, ಯಂತ್ರವೂ ಸರಿಯಿದ್ದರೆ, ಗರಿಷ್ಠ ಒತ್ತಡವನ್ನೂ ಮುಟ್ಟಿದ್ದೀರಿ ಅಂತಲೇ ತಿಳಿಯಿರಿ. ಪೌಡರ್ ಇಳಿಸಿ.

ಹಂತ 8: ಉಳಿದ ತೋಟಾ ಬಿಚ್ಚಿ ತೂಗಿ

ಎಲ್ಲ ನೋಡಿದ ಮೇಲೂ ಕಾರಣ ಸಿಗದಿದ್ದರೆ ಅದೇ ಬ್ಯಾಚ್‌ನ ಉಳಿದವನ್ನು ಹಾರಿಸಬೇಡಿ. ಬುಲೆಟ್ ಪುಲ್ಲರ್‌ನಲ್ಲಿ ಒಂದೊಂದೇ ಬಿಚ್ಚಿ, ಪೌಡರ್ ಪೂರ್ತಿ ಸುರಿದು, ಪರೀಕ್ಷಿಸಿದ ತಕ್ಕಡಿಯಲ್ಲಿ ತೂಗಿ, ತೋಟಾ ನಂಬರ್ ಎದುರು ಬರೆಯಿರಿ. ಕಾಳಿನ ಬಣ್ಣ, ಆಕಾರ ಡಬ್ಬಿಯಲ್ಲಿರುವ ಪೌಡರ್‌ಗೆ ಹೊಂದುತ್ತದಾ ಅಂತಲೂ ನೋಡಿ. ತೂಕಗಳೆಲ್ಲ ಹಾಕಬೇಕಿದ್ದ ಪ್ರಮಾಣದ ಆಚೀಚೆ 0.1 ಗ್ರೇನ್ ಒಳಗಿದ್ದರೆ ಪೌಡರ್ ಹಾಕಿದ್ದರಲ್ಲಿ ದೋಷ ಇಲ್ಲ. ಆಗ ಕೇಸ್ ಕತ್ತಿನ ಬಿಗಿ, ಪ್ರೈಮರ್ ಲಾಟ್, ಬುಲೆಟ್ ಕೂರಿಸಿದ ಆಳ ಇವನ್ನು ಒಂದೊಂದಾಗಿ ನೋಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ತೂಕ ಓಲಾಡಿದ್ದರೆ ಪೌಡರ್ ಹಾಕುವ ಸಾಧನವನ್ನು ಬಿಚ್ಚಿ, ಸ್ವಚ್ಛ ಮಾಡಿ, ಕೇಸಿಗೆ ಹಾಕದೆ ಬರೀ ತಕ್ಕಡಿಗೆ 20 ಸಲ ಸುರಿದು ತೂಗಿ ನೋಡಿ.

ಬಿಚ್ಚಿದ ತೋಟಾದಿಂದ ಬಂದ ಪೌಡರ್ ಯಾವುದು ಅನ್ನುವುದರಲ್ಲಿ ಚೂರು ಅನುಮಾನ ಇದ್ದರೂ ಅದನ್ನು ಮತ್ತೆ ಡಬ್ಬಿಗೆ ಸುರಿಯಬೇಡಿ. ಬೇರೆ ಪಾತ್ರೆಯಲ್ಲಿಟ್ಟು, ತಯಾರಕರು ಹೇಳಿದ ರೀತಿಯಲ್ಲಿ ವಿಲೇವಾರಿ ಮಾಡಿ.